ಟ್ಯಾಂಕರ್ ಸಿದ್ದರಾಜು ಬೆಳೆಸಿದ ಕಾಮಕಸ್ತೂರಿ

ಸಂಕ್ರಾಂತಿ ಕಳೆದು ಮೂರು ದಿನವಾಗಿತ್ತು. ತಾರಸಿಯಿಂದ ಇಳಿಯುತ್ತಿದ್ದ ಈಶ್ವರಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ಈ ಕೈಯಲ್ಲಿ ಒಂದು ಲೋಟವನ್ನೂ ಎತ್ತಕೂಡದು ಎಂದು ಹೇಳಿ ಕಳಿಸಿದರು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ನೋವಿನ ಮಾತೆತ್ತಲಿಲ್ಲ. ಬನ್ನೇರುಘಟ್ಟ ರಸ್ತೆಯ ಸಿಗ್ನಲ್‌ನಲ್ಲಿ ಆಟೋ ನಿಂತಾಗ ಗಂಡನ ಕಡೆ ತಿರುಗಿ ಒಂದೇ ಮಾತು ಹೇಳಿದಳು.

“ಕಮಲಾದೇವಿ ಮೇಡಂಗೆ ಫೋನ್ ಮಾಡಿ, ನಮ್ಮ ಕೈಲಿ ಆಗಲ್ಲ ಅಂದ್ಬಿಡಿ.”

“ಯಾಕಾಗಲ್ಲ?” ಎಂದ ಸಿದ್ದರಾಜು.

“ಇನ್ಯಾರು ಮಾಡ್ತಾರ್ರೀ? ನನ್ನ ಕೈ ನೋಡಿ.”

“ನಾನಿಲ್ವಾ?”

ಅಷ್ಟು ನೋವಿನಲ್ಲೂ ಈಶ್ವರಮ್ಮನಿಗೆ ನಗು ಬಂತು. ಆಟೋದವನ ಮುಂದೆ ಗಂಡನ ಮರ್ಯಾದೆ ತೆಗೆಯುವುದು ಬೇಡವೆಂದು ಸೆರಗು ಬಾಯಿಗೆ ಒತ್ತಿಕೊಂಡು ರಸ್ತೆ ನೋಡುತ್ತ ಕುಳಿತಳು.

ಅವಳು ನಕ್ಕಿದ್ದಕ್ಕೆ ಕಾರಣವಿತ್ತು. ಸಿದ್ದರಾಜುವಿಗೆ ಐವತ್ತೆಂಟು ವರ್ಷ. ಅವನ ಅಪ್ಪ ತಿಮ್ಮರಾಯಪ್ಪ ಬಿಳೇಕಹಳ್ಳಿಯಲ್ಲಿ ಹುರುಳಿಕಾಯಿ, ಮೂಲಂಗಿ ಬೆಳೆದವನು. ಮಗನ ಕಾಲಕ್ಕೆ ಉಳಿದದ್ದು ಒಂದು ಸೈಟು, ಅದರಲ್ಲಿ ಕಟ್ಟಿಸಿದ ಎರಡಂತಸ್ತಿನ ಮನೆ, ಹಿಂದುಗಡೆ ಒಂದು ಬೋರ್‌ವೆಲ್. ಇಪ್ಪತ್ತೆರಡು ವರ್ಷದಿಂದ ಸಿದ್ದರಾಜು ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಆರು ಸಾವಿರ ಲೀಟರ್ ತುಂಬಿಕೊಂಡು ಬಿಟಿಎಂ ಲೇಔಟಿನ ಪಿಜಿಗಳಿಗೋ ಅಪಾರ್ಟ್‌ಮೆಂಟುಗಳಿಗೋ ಹೋಗಿ, ತೋಳುಗಾತ್ರದ ಪೈಪನ್ನು ನೆಲದಡಿಯ ಸಂಪಿನೊಳಗೆ ಬಿಟ್ಟು ವಾಲ್ವ್ ತಿರುಗಿಸಿದರೆ ನೀರು ಧೋ ಎಂದು ಬೀಳುತ್ತಿತ್ತು. ಹತ್ತು ನಿಮಿಷದಲ್ಲಿ ಟ್ಯಾಂಕ್ ಖಾಲಿ, ಮುಂದಿನ ಲೋಡು. ಮನೆಯಲ್ಲಿ ಅವನು ಕೈ ತೊಳೆದರೆ ಗೋಡೆ ಒದ್ದೆಯಾಗುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ದಿನವೂ ಒಂದು ಗಿಡಕ್ಕೆ ನೀರು ಹಾಕಿದವನಲ್ಲ.

ಗಿಡವೇನಿದ್ದರೂ ಈಶ್ವರಮ್ಮನದು. ಮಗಳು ದಿವ್ಯ ಮದುವೆಯಾಗಿ ಬನಶಂಕರಿಗೆ ಹೋದ ಮೇಲೆ ಅವಳು ತಾರಸಿಯಲ್ಲಿ ಸಸಿ ಬೆಳೆಸಲು ಶುರುಮಾಡಿದ್ದಳು. ಬದನೆ, ಮೆಣಸಿನಕಾಯಿ, ಟೊಮೆಟೊ, ತುಳಸಿ. ಭಾನುವಾರ ಬೆಳಿಗ್ಗೆ ಜೆ.ಪಿ. ನಗರದ ಪಾರ್ಕಿನ ಗೇಟಿನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತರೆ ಒಂದಿಪ್ಪತ್ತು, ಮೂವತ್ತು ಸಸಿ ಹೋಗುತ್ತಿದ್ದವು. ಅಲ್ಲಿಗೆ ವಾಕಿಂಗ್ ಬರುತ್ತಿದ್ದ ಕಮಲಾದೇವಿ ಡಿಸೆಂಬರಿನಲ್ಲಿ ಮನೆಗೇ ಬಂದಿದ್ದರು. ಅವರ ಮಗಳು ಪ್ರೇರಣಾಳ ಮದುವೆ ಮಾರ್ಚ್ ಮೂರನೇ ಭಾನುವಾರ, ಜಯನಗರದಲ್ಲಿ. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಬದಲು ಒಂದೊಂದು ಕಾಮಕಸ್ತೂರಿ ಸಸಿ ಕೊಡಬೇಕೆಂಬುದು ಅವರ ಆಸೆ. “ದಾವಣಗೆರೆಯಲ್ಲಿ ನಮ್ಮ ತವರುಮನೆ ಹಿತ್ತಲಲ್ಲಿ ಅದೇ ಘಮ ಇರ್ತಿತ್ತು. ಮುನ್ನೂರೈವತ್ತು ಸಸಿ ಬೇಕು, ನೀವೇ ಬೆಳೆಸಿಕೊಡಿ” ಎಂದಿದ್ದರು.

ಆ ದಿನ ಈಶ್ವರಮ್ಮನ ಮುಖ ಹೇಗಿತ್ತೆಂದು ಸಿದ್ದರಾಜು ಬಾಗಿಲಲ್ಲಿ ನಿಂತು ನೋಡಿದ್ದ. ಅವರು ಹೋದ ಮೇಲೆ ಅವಳು ತಾರಸಿಗೆ ಹತ್ತಿ, ತಾನೇ ಒಣಗಿಸಿಟ್ಟಿದ್ದ ಬೀಜದ ಬಾಟಲಿಯನ್ನು ಬಿಸಿಲಿಗೆ ಹಿಡಿದು ಅಲುಗಿಸಿ ಅಲುಗಿಸಿ ನೋಡಿದ್ದಳು. ಈಗ ಆಟೋದಲ್ಲಿ ಕೂತು ಅದನ್ನೆಲ್ಲ ಆಗಲ್ಲ ಅಂದ್ಬಿಡಿ ಎನ್ನುತ್ತಿದ್ದಳು. ಅವನ ಮನಸ್ಸು ಒಪ್ಪಲಿಲ್ಲ. ಅವನು ಫೋನ್ ಮಾಡಲಿಲ್ಲ.

ಎರಡು ದಿನ ಬಿಟ್ಟು ಬೀಜ ಹಾಕುವ ಕೆಲಸಕ್ಕೆ ಕೈಹಚ್ಚಿದರು. ಈಶ್ವರಮ್ಮ ತಾರಸಿಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಎಡಗೈ ಬೀಸಿ ಹೇಳುತ್ತ ಹೋದಳು, ಸಿದ್ದರಾಜು ಮಾಡುತ್ತ ಹೋದ. ಸಣ್ಣ ಸಣ್ಣ ಗುಳಿಗಳಿರುವ ಐದು ಪ್ಲಾಸ್ಟಿಕ್ ಟ್ರೇಗಳಿಗೆ ತೆಂಗಿನ ನಾರಿನ ಪುಡಿ ತುಂಬಿದ. ಸಾಸಿವೆಗಿಂತ ಸಣ್ಣದಾದ ಕಪ್ಪು ಬೀಜವನ್ನು ಮರಳಿನ ಜೊತೆ ಬೆರೆಸಿ ಒಂದೊಂದು ಗುಳಿಗೆ ಚಿಟಿಕೆ ಚಿಟಿಕೆ ಉದುರಿಸಿದ. ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು. ಇನ್ನು ನೀರು ತಾನೇ ಎಂದು ಖುಷಿಯಿಂದ ನಲ್ಲಿಗೆ ಪೈಪ್ ಸಿಕ್ಕಿಸಿ, ಅದರ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ನೀರು ಬಿಟ್ಟ.

“ಅಯ್ಯೋ, ನಿಲ್ಸಿ ನಿಲ್ಸಿ!” ಎಂದು ಈಶ್ವರಮ್ಮ ಕೂಗುವಷ್ಟರಲ್ಲಿ ಎರಡು ಟ್ರೇ ಮುಗಿದಿತ್ತು. ನಾರಿನ ಪುಡಿ ತೇಲಿ ಕೆಳಗಿಳಿದಿತ್ತು. ಬೀಜವೆಲ್ಲ ಹರಿದು ಒಂದು ಮೂಲೆ ಸೇರಿ, ನೀರು ಕುಡಿದು ಊದಿಕೊಂಡು, ಕಪ್ಪೆಮೊಟ್ಟೆಯ ಹಾಗೆ ಲೋಳೆಲೋಳೆಯಾಗಿ ಕೂತಿತ್ತು.

“ಸಣ್ಣಗೇ ಬಿಟ್ಟೆ ಕಣೇ” ಎಂದ ಸಿದ್ದರಾಜು.

“ನಿಮ್ಮ ಸಣ್ಣಗೆ ಟ್ಯಾಂಕರ್ ಲೆಕ್ಕದ್ದು” ಎಂದಳು ಅವಳು.

ಮಾರನೆಯ ದಿನ ಆ ಎರಡು ಟ್ರೇಗೆ ಮತ್ತೆ ಬೀಜ ಹಾಕಿದ. ಪೈಪ್ ಮುಟ್ಟಲಿಲ್ಲ. ಚೊಂಬಿನಲ್ಲಿ ನೀರು ತೆಗೆದುಕೊಂಡು ಬೆರಳ ಸಂದಿಯಿಂದ ಚಿಮುಕಿಸಿದ. ಆರನೆಯ ದಿನ ಬೆಳಿಗ್ಗೆ ನೋಡಿದರೆ ಟ್ರೇಗಳ ತುಂಬ ಹಸಿರು ಚುಕ್ಕಿ. ಸಿದ್ದರಾಜುವಿನ ಸಂಭ್ರಮ ಹೇಳತೀರದು. ಮಗಳಿಗೆ ಫೋಟೋ ಕಳಿಸಿದ. ಲೋಡು ಲೋಡಿನ ನಡುವೆ ಟ್ಯಾಂಕರನ್ನು ಮನೆ ಮುಂದೆ ನಿಲ್ಲಿಸಿ ಮೇಲೆ ಓಡಿ ಬಂದು, ಇನ್ನೊಂದು ಚೂರು ಇರಲಿ ಎಂದು ನೀರು ಚಿಮುಕಿಸಿ ಹೋಗುವನು. ದಿನಕ್ಕೆ ಮೂರು ಸಲ, ಕೆಲವು ದಿನ ನಾಲ್ಕು ಸಲ. ಈಶ್ವರಮ್ಮನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು, ಇದು ಅವಳಿಗೆ ತಿಳಿಯಲಿಲ್ಲ.

ಮೂರು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನ ಹೋಗಿ ನೋಡಿದರೆ ಟ್ರೇಗಳ ಮಧ್ಯದಲ್ಲಿ ಸಸಿಗಳು ವೃತ್ತವೃತ್ತವಾಗಿ ಮಲಗಿದ್ದವು. ಬಾಯಾರಿಕೆಯಿರಬೇಕು ಎಂದುಕೊಂಡು ಇನ್ನಷ್ಟು ನೀರು ಹಾಕಿದ. ಸಂಜೆಗೆ ಮಲಗಿದವು ಇಮ್ಮಡಿಯಾಗಿದ್ದವು. ಆಗ ಹೆದರಿ, ಒಂದು ಟ್ರೇ ಎತ್ತಿಕೊಂಡು ಕೆಳಗೆ ಹೆಂಡತಿಯ ಮುಂದೆ ಇಟ್ಟ.

ಈಶ್ವರಮ್ಮ ಎಡಗೈಯಿಂದ ಒಂದು ಸಸಿ ಹಿಡಿದೆತ್ತಿದಳು. ಬುಡ ಕಪ್ಪಾಗಿ ದಾರದಂತೆ ಸಣಕಲಾಗಿತ್ತು. “ಕೊಳೆತೋಗಿದೆ. ನೀರು ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ. ಉಸಿರು ಕಟ್ಟಿ ಸತ್ತಿದಾವೆ” ಎಂದಳು. ಆಮೇಲೆ ಫೋನ್ ಕೈಗೆತ್ತಿಕೊಂಡಳು. “ಸಾಕು ಬಿಡಿ. ಈಗ್ಲಾದ್ರೂ ಹೇಳೋಣ. ಪಾಪ, ಅವರಾದ್ರೂ ಬೇರೆ ನರ್ಸರಿ ನೋಡ್ಕೊಳ್ಳಲಿ.”

ಸಿದ್ದರಾಜು ಅವಳ ಎದುರಿಗೆ ನೆಲದ ಮೇಲೆ ಕೂತ. “ಬೀಜ ಎಷ್ಟಿದೆ?”

“ಇನ್ನೊಂದು ಸಲಕ್ಕೆ ಆಗೋಷ್ಟು.”

“ದಿನ?”

“ನಲವತ್ನಾಲ್ಕು ದಿನ. ಇವತ್ತು ಹಾಕಿದ್ರೆ ಉಂಟು. ಇನ್ನೊಂದು ವಾರ ಹೋದ್ರೆ ಇಲ್ಲ.”

“ಹಂಗಾದ್ರೆ ಇವತ್ತೇ ಹಾಕ್ತೀನಿ. ಈ ಸಲ ನಂದೇ ಬುದ್ಧಿ ಉಪಯೋಗಿಸಲ್ಲ. ನೀನು ಹೇಳ್ದಂಗೆ ಮಾಡ್ತೀನಿ. ನೀನು ಹಾಕು ಅಂದ್ರೆ ಹಾಕ್ತೀನಿ, ಬೇಡ ಅಂದ್ರೆ ಚೊಂಬು ಮುಟ್ಟಲ್ಲ. ಫೋನ್ ಕೆಳಗಿಡು.”

ಅವನ ದನಿಯಲ್ಲಿ ಜಗಳವಿರಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಇಷ್ಟು ಹಟ ಹಿಡಿದದ್ದನ್ನು ಅವಳು ಒಂದೆರಡು ಸಲ ಮಾತ್ರ ನೋಡಿದ್ದಳು. ಫೋನ್ ಕೆಳಗಿಟ್ಟಳು.

ಆ ಸಂಜೆಯಿಂದ ಪಾಠ ಶುರುವಾಯಿತು. ಟ್ರೇಗಳನ್ನು ಬಿಸಿನೀರಿನಲ್ಲಿ ತೊಳೆದು ಹೊಸ ಪುಡಿ ತುಂಬಿ ಬೀಜ ಹಾಕಿದ ಮೇಲೆ, ಮೇಲಿನಿಂದ ಒಂದು ಹನಿಯನ್ನೂ ಹಾಕಲು ಈಶ್ವರಮ್ಮ ಬಿಡಲಿಲ್ಲ. ಬಟ್ಟೆ ನೆನೆಸುವ ಅಗಲವಾದ ಟಬ್ಬಿಗೆ ಒಂದು ಬೆರಳಿನಷ್ಟು ನೀರು ತುಂಬಿಸಿದಳು. ಟ್ರೇಯನ್ನು ಮೆಲ್ಲಗೆ ಅದರಲ್ಲಿ ಇರಿಸಿ ಕಾಯಲು ಹೇಳಿದಳು. ಟ್ರೇಯ ತಳದ ತೂತುಗಳಿಂದ ನೀರು ತಾನಾಗಿ ಮೇಲೇರಿತು. ಒಣಗಿ ತಿಳಿಗಂದಾಗಿದ್ದ ಪುಡಿ ಒಂದೊಂದೇ ಗುಳಿಯಲ್ಲಿ ಕಪ್ಪಾಗುತ್ತ ಬಂತು. ಒಂದು ಬೀಜವೂ ಅಲುಗಲಿಲ್ಲ. ಸಿದ್ದರಾಜು ಕುಕ್ಕರುಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದ. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಅವನು ಎರಡು ಸಂಪು ತುಂಬಿಸುತ್ತಿದ್ದ.

“ಮತ್ತೆ ಯಾವಾಗ ಹಾಕ್ಬೇಕು?” ಎಂದು ಕೇಳಿದ.

“ಗಡಿಯಾರ ನೋಡಿ ಹಾಕೋದಲ್ಲ. ಬೆರಳಿಟ್ಟು ನೋಡಿ. ತಣ್ಣಗೆ ಹಸಿ ಇದ್ರೆ ಬೇಡ. ಒಣಗಿದ್ರೆ ಹಾಕಿ.”

ಎರಡನೆಯ ದಿನ ಬೆರಳಿಟ್ಟು ನೋಡಿದ. ಏನೂ ತಿಳಿಯಲಿಲ್ಲ. ಮತ್ತೊಂದು ಗುಳಿ, ಇನ್ನೊಂದು ಬೆರಳು. ಕೆಳಗಿಳಿದು ಬಂದು, ಹೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಎರಡೂ ಅಂಗೈ ಹೆಂಡತಿಯ ಮುಂದೆ ಚಾಚಿದ. ವಾಲ್ವ್ ತಿರುಗಿಸಿ, ಪೈಪ್ ಎಳೆದು ಬೆರಳ ತುದಿಗಳೆಲ್ಲ ಜಡ್ಡುಗಟ್ಟಿ ಚಪ್ಪಲಿಯ ಅಟ್ಟೆಯಂತಾಗಿದ್ದವು.

“ನಂಗೆ ಹಸಿನೂ ಒಂದೇ, ಒಣನೂ ಒಂದೇ” ಎಂದ.

ಈಶ್ವರಮ್ಮ ಆ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಆಗ ಅವನೇ ಕೇಳಿದ: “ನೀರಿದ್ರೆ ಟ್ರೇ ಭಾರ ಇರುತ್ತಲ್ವಾ?”

ಟ್ಯಾಂಕರಿನವರಿಗೆ ಒಂದು ವಿದ್ಯೆ ಇರುತ್ತದೆ. ಬ್ರೇಕ್ ಒತ್ತಿದಾಗ ಹಿಂದಿನಿಂದ ಬರುವ ತಳ್ಳಾಟದಲ್ಲೇ ಟ್ಯಾಂಕಿನಲ್ಲಿ ಮುಕ್ಕಾಲು ಇದೆಯೋ ಅರ್ಧ ಇದೆಯೋ ಗೊತ್ತಾಗಿಬಿಡುತ್ತದೆ. ಸಿದ್ದರಾಜು ಮೇಲೆ ಹೋಗಿ ಒಣ ಪುಡಿ ತುಂಬಿದ ಒಂದು ಟ್ರೇ, ನೀರು ಕುಡಿದ ಒಂದು ಟ್ರೇ ಅಕ್ಕಪಕ್ಕ ಇಟ್ಟ. ಕಣ್ಣು ಮುಚ್ಚಿಕೊಂಡು ಇದನ್ನೆತ್ತಿದ, ಅದನ್ನೆತ್ತಿದ. ದಿನವೂ ಬೆಳಿಗ್ಗೆ ಹೀಗೆ ಎತ್ತಿ ಇಳಿಸಿ ನಾಲ್ಕೈದು ದಿನದಲ್ಲಿ ಅವನ ಕೈಗೆ ಲೆಕ್ಕ ಸಿಕ್ಕಿತು. ಈಶ್ವರಮ್ಮ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಪರೀಕ್ಷೆ ಮಾಡಿದಳು. ಅವನು ಎತ್ತಿ ನೋಡಿ “ಇದಕ್ಕೆ ಇವತ್ತು ಬೇಡ” ಎಂದ ಟ್ರೇಯಲ್ಲಿ ಅವಳು ಬೆರಳಿಟ್ಟರೆ ಹಸಿ ಇರುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ.

ಮೊಳಕೆ ಬಂದು ಎಲೆ ಬಿಡುವ ಹೊತ್ತಿಗೆ ಬಿಸಿಲು ಏರತೊಡಗಿತು. ಈಗ ಮೇಲಿನಿಂದಲೂ ಆಗಾಗ ಸಣ್ಣಗೆ ಚಿಮುಕಿಸಬೇಕಾಗಿತ್ತು. ಸಿದ್ದರಾಜು ನೀರಿನ ಬಾಟಲಿಯ ಮುಚ್ಚಳಕ್ಕೆ ಕಾದ ಸೂಜಿಯಿಂದ ತೂತು ಮಾಡಿದ. ಆದರೆ ಬಾಟಲಿ ಒತ್ತಿದರೆ ಸಾಕು, ನೀರು ಪಿಚಕಾರಿಯಂತೆ ಚಿಮ್ಮುತ್ತಿತ್ತು. ಕೈಯನ್ನು ಪಳಗಿಸದೆ ಸಸಿಯ ಹತ್ತಿರ ಹೋಗುವುದಿಲ್ಲ ಎಂದು ತೀರ್ಮಾನಿಸಿದ. ತಾರಸಿಯ ನೆಲದ ಮೇಲೆ ಹಳೆಯ ಪೇಪರ್ ಹರಡಿ, ನೀರು ಬಿದ್ದರೂ ಪೇಪರ್ ಹರಿಯಬಾರದು ಎಂದು ಗುರಿಯಿಟ್ಟುಕೊಂಡು ಅಭ್ಯಾಸ ಮಾಡಿದ. ಮೊದಲ ದಿನ ಪೇಪರೆಲ್ಲ ಜರಡಿ. ಮೂರನೆಯ ದಿನವೂ ಅಷ್ಟೇ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಹಣೆಯ ಬೆವರು ಒರೆಸಿಕೊಳ್ಳುತ್ತ ಮಾಡುತ್ತಿದ್ದ ಅವನನ್ನು ಪಕ್ಕದ ಕಟ್ಟಡದವರು ನಿಂತು ನೋಡುತ್ತಿದ್ದರು. ಒಂದು ವಾರದ ಮೇಲೆ ಒಂದು ಇಡೀ ಹಾಳೆ ಹರಿಯದೆ ನೆನೆಯಿತು. ಅದನ್ನು ಜೋಪಾನವಾಗಿ ಎತ್ತಿಕೊಂಡು ಬಂದು ಹೆಂಡತಿಗೆ ತೋರಿಸಿದ. ಅವಳು “ಹ್ಞೂಂ, ಪರವಾಗಿಲ್ಲ” ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಫೆಬ್ರವರಿ ಎಂದರೆ ಟ್ಯಾಂಕರಿಗೆ ಕೈತುಂಬ ಕೆಲಸ. ಬಿಟಿಎಂನ ಒಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿ ಶಶಿಧರ್ ಒಂದು ದಿನ ಬೆಳಿಗ್ಗೆ ಆರೂವರೆಗೇ ಫೋನ್ ಮಾಡಿದರು.

“ಸಿದ್ದರಾಜು, ಸಂಪ್ ಖಾಲಿ. ತಕ್ಷಣ ಒಂದು ಲೋಡ್ ಬೇಕು.”

“ಏಳೂಮುಕ್ಕಾಲಿಗೆ ಬರ್ತೀನಿ ಸಾರ್. ಸಸಿಗೆ ನೀರು ಹಾಕ್ತಾ ಇದೀನಿ.”

“ಎಷ್ಟು ಎಕರೆಗೆ ಹಾಕ್ತಿದೀರಿ?”

“ಐದು ಟ್ರೇ ಸಾರ್. ಒಂದು ಬಕೆಟ್ ನೀರೂ ಬೇಕಾಗಲ್ಲ. ಆದ್ರೆ ಒಂದು ಗಂಟೆ ಬೇಕು.”

ಶಶಿಧರ್ ರೇಗಿದರು, ಬೇರೆ ಟ್ಯಾಂಕರ್ ಕರೆಸುತ್ತೇನೆ ಎಂದರು. ಕರೆಸಿಕೊಳ್ಳಿ ಸಾರ್ ಎಂದು ಸಿದ್ದರಾಜು ಫೋನ್ ಇಟ್ಟು, ನಿಂತಿದ್ದ ಕೆಲಸಕ್ಕೆ ಮರಳಿದ. ಅವತ್ತು ಆ ಲೋಡು ಕೈತಪ್ಪಿತು. ಅದರ ಬಗ್ಗೆ ಅವನು ಮನೆಯಲ್ಲಿ ಹೇಳಲಿಲ್ಲ.

ನಾಲ್ಕು ಎಲೆ ಬಂದ ಸಸಿಗಳನ್ನು ಟ್ರೇಯಿಂದ ಬಿಡಿಸಿ ನಾರಿನ ಪುಟ್ಟ ಕುಂಡಗಳಿಗೆ ದಾಟಿಸಿದ್ದಾಯಿತು. ಚಮಚದ ಹಿಡಿಯಿಂದ ಬೇರಿನ ಸಮೇತ ಎಬ್ಬಿಸಬೇಕು, ಕಾಂಡ ಹಿಡಿಯದೆ ಎಲೆ ಹಿಡಿದು ಎತ್ತಬೇಕು. ದಿವ್ಯ ಎರಡು ಭಾನುವಾರ ಬಂದು ಅಪ್ಪನ ಜೊತೆ ಕೂತಳು. ಒಟ್ಟು ಮುನ್ನೂರ ತೊಂಬತ್ತು ಕುಂಡ. ತಾರಸಿಯ ನೆರಳುಬಲೆಯ ಕೆಳಗೆ ಸಾಲುಸಾಲಾಗಿ ನಿಂತವು. ಕೈ ತಾಗಿದರೆ ಸಾಕು, ಘಮ್ಮೆನ್ನುತ್ತಿದ್ದವು.

ಈಶ್ವರಮ್ಮನ ಪ್ಲಾಸ್ಟರ್ ಬಿಚ್ಚಿಸಲು ಹೋದ ದಿನ ಆಸ್ಪತ್ರೆಯಲ್ಲಿ ಮಧ್ಯಾಹ್ನವಾಯಿತು. ತಿರುಗಿ ಬಂದು ತಾರಸಿ ಹತ್ತಿದರೆ ಕುಂಡಗಳಿಂದೆಲ್ಲ ನೀರು ಸುರಿಯುತ್ತಿತ್ತು. ಅರ್ಧಕ್ಕರ್ಧ ಸಸಿಗಳು ಮಣ್ಣಿಗೆ ಅಂಟಿಕೊಂಡು ಮಲಗಿದ್ದವು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ರಮ್ಯ ಕೈಯಲ್ಲಿ ಖಾಲಿ ಬಕೆಟ್ ಹಿಡಿದು ನಗುತ್ತ ನಿಂತಿದ್ದಳು.

“ಅಂಕಲ್, ಬಿಸಿಲು ತುಂಬಾ ಇತ್ತು. ಪಾಪ ಬಾಡಿದ್ವು. ನಾಲ್ಕು ಬಕೆಟ್ ಹಾಕ್ದೆ!”

ಸಿದ್ದರಾಜುವಿನ ಬಾಯಿಗೆ ಬಂದ ಮಾತೇ ಬೇರೆ. ಆದರೆ ಆ ಹುಡುಗಿಯ ಮುಖದಲ್ಲಿ ಒಂದು ಉಪಕಾರ ಮಾಡಿದ ಖುಷಿಯಿತ್ತು, ಮೊಳಕೆ ಕಂಡ ದಿನ ಅವನ ಮುಖದಲ್ಲೂ ಅದೇ ಇದ್ದಿರಬೇಕು.

“ಥ್ಯಾಂಕ್ಸ್ ಕಣಮ್ಮ. ಸ್ವಲ್ಪ ಜಾಸ್ತಿಯಾಯ್ತು. ಬಾ, ಒಂದು ಕೈ ಹಾಕು” ಎಂದ.

ಇಬ್ಬರೂ ಸೇರಿ ಒಂದೊಂದೇ ಕುಂಡವನ್ನು ಎತ್ತಿ ಓರೆಯಾಗಿಸಿ ನೀರು ಬಸಿದರು. ಕೆಳಗೆ ಹಳೆಯ ಪೇಪರಿನ ಮಡಿಕೆಗಳನ್ನು ಹಾಸಿ ಅದರ ಮೇಲಿಟ್ಟರು. ಒದ್ದೆಯಾದ ಪೇಪರ್ ತೆಗೆದು ಒಣದು ಹಾಕಿದರು. ಸಿದ್ದರಾಜು ಕೆಳಗಿನಿಂದ ಟೇಬಲ್ ಫ್ಯಾನ್ ತಂದು ಸಣ್ಣಗೆ ಗಾಳಿ ಬಿಟ್ಟ. ಮಲಗಿದ್ದ ಸಸಿಗಳ ಎಲೆಯ ಮೇಲಿನ ಮಣ್ಣನ್ನು ಬಾಟಲಿಯ ಸಣ್ಣ ಹನಿಯಿಂದ ತೊಳೆದ. ಈಶ್ವರಮ್ಮ ಬಿಳಿಚಿಕೊಂಡಿದ್ದ ತನ್ನ ಬಲಗೈಯನ್ನು ಎದೆಗೊತ್ತಿಕೊಂಡು ಬಾಗಿಲಲ್ಲೇ ನಿಂತು ನೋಡಿದಳು, ಒಂದು ಮಾತೂ ಹೇಳಿಕೊಡಲಿಲ್ಲ. ಹೇಳಿಕೊಡುವ ಅಗತ್ಯವಿರಲಿಲ್ಲ.

ಕೆಲಸದ ನಡುವೆ ರಮ್ಯ ಮೆಲ್ಲಗೆ ಕೇಳಿದಳು: “ಅಂಕಲ್, ನನ್ನ ರೂಮಲ್ಲಿರೋ ಮನಿಪ್ಲಾಂಟೂ ಹಳದಿಯಾಗಿ ಉದುರ್ತಿದೆ. ದಿನಾ ಎರಡು ಸಲ ನೀರು ಹಾಕ್ತೀನಿ, ಆದ್ರೂ…”

“ಆದ್ರೂ ಅಲ್ಲ ಕಣಮ್ಮ, ಅದಕ್ಕೇ ಉದುರ್ತಿರೋದು. ನಾಳೆ ತಗೊಂಬಾ, ನೋಡೋಣ.”

ಮೂರು ದಿನ ಸಿದ್ದರಾಜು ಆ ಕುಂಡಗಳಿಗೆ ಒಂದು ಹನಿ ನೀರೂ ಹಾಕಲಿಲ್ಲ. ದಿನವೂ ಎತ್ತಿ ನೋಡುವುದು, ಇಡುವುದು. ನೀರು ಹಾಕಬೇಕೆಂದು ಕೈ ತುಡಿದರೂ ತಡೆದುಕೊಂಡ. ನಾಲ್ಕನೆಯ ದಿನ ಬಹುಪಾಲು ತಲೆಯೆತ್ತಿದವು. ಐವತ್ತಮೂರು ಏಳಲೇ ಇಲ್ಲ. ಹದಿನಾರು ಸಸಿ ಎದ್ದರೂ ಸಣಕಲಾಗಿ ವಾಲಿಕೊಂಡಿದ್ದವು. ಸಿದ್ದರಾಜು ಮೂರು ಸಲ ಎಣಿಸಿ, ಕಮಲಾದೇವಿಗೆ ತಾನೇ ಫೋನ್ ಮಾಡಿದ.

“ಮೇಡಂ, ಮುನ್ನೂರೈವತ್ತು ಆಗಲ್ಲ. ಮುನ್ನೂರ ಇಪ್ಪತ್ತೊಂದು ಗ್ಯಾರಂಟಿ.”

“ಇನ್ನೇನೂ ಉಳಿದಿಲ್ವಾ?”

“ಹದಿನಾರಿದೆ, ಕೊಡಲ್ಲ. ಮನೆಗೆ ತಗೊಂಡ್ಹೋಗಿ ಎರಡು ದಿನಕ್ಕೆ ಬಿದ್ದೋದ್ರೆ ಮದುವೆ ಮನೆಯಿಂದ ತಂದಿದ್ದು ಹೀಗಾಯ್ತಲ್ಲ ಅಂತ ಮನಸ್ಸಿಗೆ ಹಾಕ್ಕೋತಾರೆ. ಅದು ಬೇಡ.”

“ಮೊದಲೇ ಹೇಳಿದ್ದು ಒಳ್ಳೇದಾಯ್ತು. ಉಳಿದವರಿಗೆ ಕಾಯಿ ಕೊಡ್ತೀವಿ ಬಿಡಿ. ನೀವಿಬ್ರೂ ಊಟಕ್ಕೆ ಬರ್ಬೇಕು” ಎಂದರು ಕಮಲಾದೇವಿ.

ಮದುವೆಯ ದಿನ ಬೆಳಗಿನ ಜಾವವೇ ಲಗೇಜ್ ಆಟೋ ಮಾಡಿಕೊಂಡು ಹೊರಟರು. ಈಶ್ವರಮ್ಮ ಮುಂದೆ ಕೂತಳು. ಸಿದ್ದರಾಜು ಹಿಂದೆ ಕ್ರೇಟುಗಳ ನಡುವೆ ಕಾಲು ಮಡಚಿ ಕೂತು, ಹಂಪ್ ಬಂದಾಗಲೆಲ್ಲ “ಅಣ್ಣ, ನಿಧಾನ, ನಿಧಾನ” ಎಂದು ಕೂಗುತ್ತ ಜಯನಗರ ತಲುಪಿಸಿದ. ಕಲ್ಯಾಣ ಮಂಟಪದ ಬಾಗಿಲ ಬಳಿ ಮೇಜಿನ ಮೇಲೆ ಸಸಿಗಳನ್ನು ಜೋಡಿಸಿದರು. ಒಳಗೆ ಹೋಗುವವರೆಲ್ಲ ಬಗ್ಗಿ ಮೂಸಿ ನೋಡಿ, “ಕಾಮಕಸ್ತೂರಿ ಅಲ್ವಾ!” ಎಂದುಕೊಂಡು ಹೋದರು. ತಾಳಿ ಕಟ್ಟಿದ ಮೇಲೆ ಪ್ರೇರಣಾ ಗಂಡನ ಜೊತೆ ಬಂದು ತಾನೇ ಮೊದಲ ಸಸಿ ಎತ್ತಿ ಅಜ್ಜಿಯ ಕೈಗೆ ಕೊಟ್ಟಳು.

ಊಟವಾದ ಮೇಲೆ ಶ್ರೀದೇವಿ ಎಂಬ ಒಬ್ಬ ಹೆಂಗಸು ಈಶ್ವರಮ್ಮನನ್ನು ಹುಡುಕಿಕೊಂಡು ಬಂದರು. ಬನಶಂಕರಿಯಲ್ಲಿ ಅವರದೊಂದು ಪುಟ್ಟ ಶಾಲೆ. ಮಳೆಗಾಲದ ಮುಂಚೆ ಮಕ್ಕಳ ಕೈಯಲ್ಲಿ ನೆಡಿಸಲು ಇನ್ನೂರು ಚೆಂಡುಹೂವಿನ ಸಸಿ ಬೇಕು, ಆಗುತ್ತದೆಯೇ ಎಂದು ಕೇಳಿದರು.

ಈಶ್ವರಮ್ಮ ತನ್ನ ಬಲಗೈ ನೋಡಿಕೊಂಡಳು. ಮಣಿಕಟ್ಟು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ, ತುಂಬಿದ ಚೊಂಬು ಎತ್ತಿದರೆ ನಡುಗುತ್ತಿತ್ತು. ಏನು ಹೇಳಲಿ ಎಂಬಂತೆ ಗಂಡನ ಕಡೆ ತಿರುಗಿದಳು.

“ಆಗುತ್ತೆ ಮೇಡಂ” ಎಂದ ಸಿದ್ದರಾಜು. “ಯಾವ ಬಣ್ಣ ಬೇಕು ಹೇಳಿ. ಹಳದೀನಾ, ಕೇಸರೀನಾ?”

ಯುಗಾದಿಯ ವಾರ ಹೊಸ ಟ್ರೇಗಳು ಬಂದವು. ಶ್ರೀದೇವಿಯವರಿಗೆ ಎರಡೂ ಬಣ್ಣ ಬೇಕಾಗಿತ್ತು. ಈಶ್ವರಮ್ಮ ಎಡಗೈಯಿಂದ ಬೀಜ ಆರಿಸಿ ಕೊಡುತ್ತ ಹೋದಳು. ಸಿದ್ದರಾಜು ಒಂದೊಂದೇ ಗುಳಿಗೆ ಇಳಿಸುತ್ತ, ನಡುನಡುವೆ ಮೂಡಣದ ಕಡೆ ತಲೆಯೆತ್ತಿ ಬಿಸಿಲು ಎಷ್ಟು ಏರಿದೆ ಎಂದು ನೋಡುತ್ತ ಕೆಲಸ ಮುಂದುವರಿಸಿದ.